ಗರ್ಭಿಣಿಯ ಹಾರ್ಮೋನುಗಳು ಮತ್ತು ಮಗುವಿನ ಚಯಾಪಚಯ

ಬಸುರಿಯ ರಕ್ತದಲ್ಲಿ ಏರಿಳಿಯುವ ಹಾರ್ಮೋನುಗಳು ಹುಟ್ಟುವ ಮಗುವಿನ ಮೈಕೊಬ್ಬು, ರಕ್ತದ ಸಕ್ಕರೆ ಹಾಗೂ ರಕ್ತದೊತ್ತಡದ ಮೇಲೆ ವರ್ಷಗಟ್ಟಲೆ ಉಳಿಯುವ ಪರಿಣಾಮ ಬೀರಬಲ್ಲವು. ಇದನ್ನು ಕುರಿತು ಜಗತ್ತಿನ ಗಮನ ಸೆಳೆದ ಕೆಲವು ಅಧ್ಯಯನಗಳು ನಡೆದದ್ದು ಮೈಸೂರಿನಲ್ಲಿ.

ಗರ್ಭದ ದಿನಗಳಲ್ಲಿ ಮಾಸು ಕೂಡ ಒಂದು ಗ್ರಂಥಿಯಂತೆ ಹಾರ್ಮೋನು ಸ್ರವಿಸುತ್ತದೆ. ಪ್ಲಸೆಂಟಲ್ ಲ್ಯಾಕ್ಟೋಜೆನ್, ಪ್ರೊಜೆಸ್ಟರಾನ್, ಇವುಗಳ ಜೊತೆಗೆ ಹೆಚ್ಚುವ ಕಾರ್ಟಿಸಾಲ್ ಸೇರಿ ತಾಯಿಯ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತವೆ. ಇದರಿಂದ ತಾಯಿ ಉಂಡದ್ದರಲ್ಲಿ ಮಗುವಿಗೆ ಸಾಕಷ್ಟು ಪಾಲು ಸಿಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ತಯಾರಿಸಿ ಸರಿದೂಗಿಸಿದರೆ ತೊಂದರೆಯಿಲ್ಲ. ಅದು ಸಾಲದಾದರೆ ಗರ್ಭಾವಸ್ಥೆಯ ಮಧುಮೇಹ ಕಾಣಿಸಿಕೊಳ್ಳುತ್ತದೆ. ಗ್ಲೂಕೋಸ್ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೀಗೆ ಬಂದ ಸಕ್ಕರೆಗೆ ಮಗುವೇ ಇನ್ಸುಲಿನ್ ಸುರಿಸಬೇಕು. ಆ ಇನ್ಸುಲಿನ್ ಕೊಬ್ಬು ಕಟ್ಟುತ್ತದೆ. ಡೆನ್ಮಾರ್ಕಿನ ವೈದ್ಯ ಪೆಡರ್ಸನ್ 1950ರ ದಶಕದಲ್ಲಿ ಮುಂದಿಟ್ಟ ಈ ವಿವರಣೆ ಇಂದಿಗೂ ನಿಂತಿದೆ.

ತಾಯಿಯ ಕಾರ್ಟಿಸಾಲ್ ಮಗುವನ್ನು ಸೇರದಂತೆ ಮಾಸಿನಲ್ಲೇ ಒಂದು ತಡೆಯಿದೆ: ಅಲ್ಲಿನ ಕಿಣ್ವವೊಂದು ಅದರ ಬಹುಪಾಲನ್ನು ನಿಷ್ಕ್ರಿಯಗೊಳಿಸುತ್ತದೆ. ಕೆಮ್ಮಿಗೆ ಮನೆಮದ್ದಾದ ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಈ ಕಿಣ್ವವನ್ನೇ ಕುಂದಿಸುವುದರಿಂದ ಬಸುರಿಯರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಹೆರಿಗೆ ಕೋಣೆಯ ಆ ದಾಖಲೆಗಳೇ ಮುಂದೆ ಅಮೂಲ್ಯವಾದವು. ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದಾಗ, ಜನನದ ತೂಕ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು, 3.1 ಕಿಲೋ ಮೀರಿದವರಲ್ಲಿ ಅದು ಶೇ. 3 ಮಾತ್ರ. ಇದು 1996ರಲ್ಲಿ ಪ್ರಕಟವಾಯಿತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಬಸುರಿಯರ ಗ್ಲೂಕೋಸ್ ಪರೀಕ್ಷೆಯೊಂದಿಗೆ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಸುಮಾರು ಶೇ. 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಸಂಶೋಧಕರಾದ ಜಿ. ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಳ ಕಾಲ ಬಿಡದೆ ಅಳೆದರು. ಮಧುಮೇಹಿ ತಾಯಂದಿರ ಶಿಶುಗಳು ಹುಟ್ಟುವಾಗ ದೊಡ್ಡವಾಗಿದ್ದವು. ಒಂದು ವರ್ಷಕ್ಕೆ ಉಳಿದವರಿಗೂ ಅವಕ್ಕೂ ವ್ಯತ್ಯಾಸ ಕಾಣದಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ನಿಶ್ಚಿಂತರಾಗುತ್ತಿದ್ದರು. ಐದನೆಯ ವರ್ಷಕ್ಕೆ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿದ್ದವು. ಒಂಬತ್ತೂವರೆ ವರ್ಷಕ್ಕೆ ಆ ಅಂತರ ಇನ್ನಷ್ಟು ಅಗಲವಾಯಿತು, ಗಂಡುಮಕ್ಕಳಲ್ಲೂ ಇನ್ಸುಲಿನ್ ಪ್ರತಿರೋಧ ಕಂಡಿತು. ತಂದೆಗೆ ಮಾತ್ರ ಮಧುಮೇಹವಿದ್ದ ಮಕ್ಕಳಲ್ಲಿ ಬದಲಾವಣೆ ಇಷ್ಟಿರಲಿಲ್ಲ. ಎಂದರೆ ಇದು ಬರೀ ವಂಶದ ಬಳುವಳಿಯಲ್ಲ, ಗರ್ಭದ ಪರಿಸರದ ಕೊಡುಗೆಯೂ ಹೌದು.

ಆದ್ದರಿಂದ ಬಸುರಿಯರ ಮಧುಮೇಹವನ್ನು ಸಕಾಲದಲ್ಲಿ ಪತ್ತೆಹಚ್ಚಲು, ಸರ್ಕಾರದ ಮಾರ್ಗಸೂಚಿಯಂತೆ ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ಪರೀಕ್ಷಿಸಬೇಕು. ಪ್ರತಿ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ ಅದು ಗರ್ಭಾವಸ್ಥೆಯ ಮಧುಮೇಹ. ಊಟದ ಕ್ರಮ, ನಡಿಗೆ, ಅಗತ್ಯವಿದ್ದರೆ ಔಷಧಿ ಅಥವಾ ಇನ್ಸುಲಿನ್ ಇದಕ್ಕೆ ಚಿಕಿತ್ಸೆ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದೂ ಹೆಚ್ಚುಕಡಿಮೆ ಆ ಎರಡನೆಯ ಪರೀಕ್ಷೆಯ ಹೊತ್ತಿಗೇ. ಗಂಡನ ಊರಿನಲ್ಲೂ ಆಗದೆ, ತವರಿನಲ್ಲೂ ಆಗದೆ ಪರೀಕ್ಷೆ ತಪ್ಪಿಹೋಗಬಾರದು. ಉಡಿ ತುಂಬಿ ಕಳಿಸುವಾಗ ತಾಯಿ ಕಾರ್ಡನ್ನೂ ಕೈಯಲ್ಲಿಟ್ಟು ಕಳಿಸಿರಿ.