ಮಲೆನಾಡಿನ ಶಾಲೆಗೆ ಮೇಷ್ಟರೆಷ್ಟು ಮಂದಿ?

ಒಂದು ಶಾಲೆಗೆ ಎಷ್ಟು ಜನ ಉಪಾಧ್ಯಾಯರು ಬೇಕು? ಬಯಲುಸೀಮೆಯಲ್ಲಿ ಇದು ಸುಲಭದ ಲೆಕ್ಕ. ಅಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳು. ಮಕ್ಕಳ ತಲೆ ಎಣಿಸಿ ಭಾಗಿಸಿದರೆ ಉತ್ತರ ದೊರೆಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಹಾಗಲ್ಲ. ನಮ್ಮಲ್ಲಿ ತೋಟಕ್ಕೊಂದು ಮನೆ, ಗುಡ್ಡದಾಚೆ ಮತ್ತೊಂದು. ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ. ಎರಡು ಮೈಲಿ ಸುತ್ತಿನಲ್ಲಿ ಇಪ್ಪತ್ತು ಮಕ್ಕಳು ಸಿಕ್ಕರೆ ಅದೇ ತುಂಬಿದ ಶಾಲೆ.

ಸರ್ಕಾರಿ ಶಾಲೆಗಳು ಹಳ್ಳಿಗೆ ಬರುವ ಮುನ್ನ ಈ ಸೀಮೆಯಲ್ಲಿ ಐಗಳೇ ಶಾಲೆ. ಅನುಕೂಲಸ್ಥರು ಘಟ್ಟದ ಕೆಳಗಿನಿಂದ ಐಗಳನ್ನು ಕರೆಸಿ ಮನೆಯಲ್ಲಿಯೇ ಇರಿಸಿಕೊಂಡು ಮಕ್ಕಳಿಗೆ ಪಾಠ ಹೇಳಿಸುತ್ತಿದ್ದರು. ಕುಪ್ಪಳಿಯ ಬಾಲಕ ಪುಟ್ಟಪ್ಪನಿಗೂ ಮೊದಲ ಪಾಠವಾದದ್ದು ದಕ್ಷಿಣ ಕನ್ನಡದಿಂದ ಬಂದ ಇಂಥ ಉಪಾಧ್ಯಾಯರಿಂದ ಮನೆಯಲ್ಲಿಯೇ. ಮುಂದಿನ ಮಿಡ್ಲ್‌ಸ್ಕೂಲ್ ಓದಿಗೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ ಬರಬೇಕಾಯಿತು. ಹಳ್ಳಿಯ ಹುಡುಗರು ಪೇಟೆಯಲ್ಲಿ ನೆಂಟರ ಮನೆಯಲ್ಲೋ ವಾರಾನ್ನದಲ್ಲೋ ಉಳಿದು ಓದಿದರು. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಆ ಅವಕಾಶವೂ ಇರಲಿಲ್ಲ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನನ್ನು ತಂದಿತು. ಕಾಲಕ್ರಮದಲ್ಲಿ ಮಲೆನಾಡಿನ ಮೂಲೆಮೂಲೆಗೂ ಶಾಲೆ ಬಂದಿತು. ಆದರೆ ಹಲವೆಡೆ ಬಂದದ್ದು ಏಕೋಪಾಧ್ಯಾಯ ಶಾಲೆ. ನಾನು ಅಕ್ಷರ ಕಲಿತದ್ದೂ ಅಂಥದೊಂದರಲ್ಲಿಯೇ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟರು. ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಕಾಪಿ, ಮತ್ತೊಂದರಲ್ಲಿ ಉಕ್ತಲೇಖನ. ನಾಲ್ಕನೆಯವರು ಒಂದನೆಯವರಿಗೆ ಅಕ್ಷರ ತಿದ್ದಿಸುವುದು ವಾಡಿಕೆ. ಮೇಷ್ಟರಿಗೆ ಜ್ವರ ಬಂದರೆ ಊರಿಗೆಲ್ಲ ರಜೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಹರಡಿದಾಗ ಈ ಲೆಕ್ಕ ಇನ್ನಷ್ಟು ಕೆಟ್ಟಿತು. ಊರುಗಳು ಮುಳುಗಿದವು, ಜನ ಚದುರಿದರು. ತುಮರಿಯ ಕಡೆಯ ಕರೂರು, ಬಾರಂಗಿ ಹೋಬಳಿಗಳು ನೀರಿನಾಚೆ ಉಳಿದವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ಸಾಗರದಿಂದ ಅತ್ತ ಹೋಗುವವರಿಗೆ ಲಾಂಚೇ ಗತಿ. ಅಂಥಲ್ಲಿಗೆ ನೇಮಕವಾದವರು ವರ್ಗಾವಣೆಯ ದಾರಿ ಕಾಯುವುದು ಮನುಷ್ಯ ಸಹಜ. ತೆರವಾದ ಜಾಗ ತುಂಬದಿರುವುದು ಮಾತ್ರ ಮಕ್ಕಳ ಪಾಲಿನ ನಷ್ಟ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಬಂದಿತು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಉಪಾಧ್ಯಾಯರು, ಸಾಧ್ಯವಾದಷ್ಟೂ ಅವರಲ್ಲೊಬ್ಬರು ಮಹಿಳೆ ಎಂಬುದು ಅದರ ಸಂಕಲ್ಪ. ಮಕ್ಕಳು ಎಷ್ಟೇ ಕಡಿಮೆಯಿರಲಿ, ಒಬ್ಬರಿಂದ ಶಾಲೆ ನಡೆಯದು ಎಂಬ ಸತ್ಯವನ್ನು ಅದು ಒಪ್ಪಿಕೊಂಡಿತು.

ಮಾಧ್ಯಮಿಕ ಹಂತಕ್ಕೆ ಅದೇ ವಿವೇಕ ಬಂದದ್ದು 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯಿಂದ. ಒಂದರಿಂದ ಐದನೆಯ ತರಗತಿಗೆ ಅದು ಮಕ್ಕಳ ಸಂಖ್ಯೆಯನ್ನು ಹಿಡಿಯಿತು: 60ರವರೆಗೆ ಇಬ್ಬರು, 90ರವರೆಗೆ ಮೂವರು, ಹೀಗೆ. ಆರರಿಂದ ಎಂಟಕ್ಕೆ ಅಳತೆಯೇ ಬೇರೆ. 35 ಮಕ್ಕಳಿಗೆ ಒಬ್ಬರೆಂಬುದರ ಜೊತೆಗೆ, ತರಗತಿಗೊಬ್ಬರು ಇರಬೇಕು. ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರಾದರೂ ಇರಲೇಬೇಕು. ನಗರ ಹೋಬಳಿಯ ಶಾಲೆಯೊಂದರಲ್ಲಿ ಆರು, ಏಳು ಸೇರಿ ಹದಿನೈದು ಮಕ್ಕಳಿದ್ದಾರೆನ್ನೋಣ. ತಲೆಯೆಣಿಕೆಯಲ್ಲಿ ಅವರಿಗೆ ಅರ್ಧ ಮೇಷ್ಟರೂ ದಕ್ಕುವುದಿಲ್ಲ. ವಿಷಯದ ಎಣಿಕೆಯಲ್ಲಿ ಮೂವರು ಬೇಕು. ಮಕ್ಕಳು ಹದಿನೈದೇ ಇದ್ದರೂ ಬೀಜಗಣಿತ ಅರ್ಧವಾಗುವುದಿಲ್ಲವಷ್ಟೆ!

ಕರ್ನಾಟಕದಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆಂದೇ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದದ್ದು 2022ರಲ್ಲಿ. ಉಳಿದ ಕೊರತೆಯನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. ಅವರಲ್ಲಿ ಅನೇಕರು ಶ್ರದ್ಧಾವಂತರು. ಆದರೆ ವರ್ಷ ಮುಗಿದೊಡನೆ ಕೆಲಸವೂ ಮುಗಿಯುವವರಿಂದ ಮಗುವಿನ ಏಳು ವರ್ಷದ ಚರಿತ್ರೆಯನ್ನು ನೆನಪಿಡಿರೆಂದು ಕೇಳಲಾಗದು.

ಇನ್ನು ಪಾಠದಾಚೆಯ ಕೆಲಸಕ್ಕೆ ಯಾರಿದ್ದಾರೆ? ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟಿನ ಕಾಲದಲ್ಲಿ ಸಣ್ಣ ಶಾಲೆಗಳಲ್ಲಿ ಒಲೆಯ ಮುಂದೆಯೂ ಮೇಷ್ಟರೇ, ಜೊತೆಗೆ ದೊಡ್ಡ ಹುಡುಗರು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದು, ಅಡುಗೆಗೆ ಊರಿನ ಹೆಣ್ಣುಮಕ್ಕಳು ದೊರೆತರು. ಇಪ್ಪತ್ತೈದು ಮಕ್ಕಳವರೆಗೆ ಒಬ್ಬರು, ನೂರರವರೆಗೆ ಇಬ್ಬರು ಎಂಬುದು ಅಲ್ಲಿನ ಲೆಕ್ಕ. ಯಾವ ಮಗು ಉಣ್ಣಲಿಲ್ಲ, ಯಾವುದು ಮಂಕಾಗಿದೆ ಎಂಬುದನ್ನು ಮೊದಲು ಗಮನಿಸುವವರು ಎಷ್ಟೋ ಕಡೆ ಈ ತಾಯಂದಿರೇ. ಗುಮಾಸ್ತರು, ಜವಾನರು ಪ್ರಾಥಮಿಕ ಶಾಲೆಗೆ ಇಂದಿಗೂ ದೂರದ ಮಾತು. ಗಂಟೆ ಬಾರಿಸುವುದು, ದಾಖಲೆ ಬರೆಯುವುದು, ಅಕ್ಕಿಯ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವೂ ಅದೇ ಇಬ್ಬರು ಮೂವರ ಹೆಗಲಿಗೆ. ಕಾಗದದಲ್ಲಿ ಮೂವರಿದ್ದರೂ ತರಗತಿಯಲ್ಲಿ ನಿಂತು ಪಾಠ ಮಾಡಲು ಉಳಿಯುವವರು ಒಮ್ಮೊಮ್ಮೆ ಒಬ್ಬರೇ.

ಇದರ ಫಲಿತಾಂಶ ಕಾಣುವುದು ಪ್ರೌಢಶಾಲೆಯಲ್ಲಿ. ಎಂಟನೆಯ ತರಗತಿಗೆ ಬರುವ ಮಕ್ಕಳ ಮೊದಲ ಕಿರುಪರೀಕ್ಷೆ ತಿದ್ದುವಾಗ, ಯಾವ ಊರಿನ ಶಾಲೆಯಲ್ಲಿ ಯಾವ ವಿಷಯದ ಮೇಷ್ಟರಿರಲಿಲ್ಲ ಎಂಬುದು ನಮಗೆ ಉತ್ತರಪತ್ರಿಕೆಯಿಂದಲೇ ತಿಳಿಯುತ್ತಿತ್ತು. ಒಂದೇ ಶಾಲೆಯಿಂದ ಬಂದ ಐದೂ ಮಕ್ಕಳಿಗೆ ಭಿನ್ನರಾಶಿ ಬಾರದಿದ್ದರೆ ಐವರೂ ದಡ್ಡರೆನ್ನಲಾದೀತೆ? ಆ ಮಕ್ಕಳು ಮಾತ್ರ ತಮ್ಮ ತಲೆಗೇ ಗಣಿತ ಹತ್ತುವುದಿಲ್ಲವೆಂದು ನಂಬಿಬಿಟ್ಟಿರುತ್ತಿದ್ದರು.

ಇಂದು ಹಾಜರಾತಿ ಕಡಿಮೆಯೆಂಬ ಕಾರಣಕ್ಕೆ ಶಾಲೆಗಳನ್ನು ವಿಲೀನಗೊಳಿಸುವ ಮಾತು ಮತ್ತೆಮತ್ತೆ ಕೇಳಿಬರುತ್ತದೆ. ರಸ್ತೆ, ವಾಹನಗಳಿರುವಲ್ಲಿ ಅದಕ್ಕೂ ಅರ್ಥವಿದ್ದೀತು. ಆದರೆ ಹುಲಿಕಲ್ಲು, ಆಗುಂಬೆಗಳ ಮಳೆಯಲ್ಲಿ ಸಂಕ ದಾಟಿ ಬರುವ ಮಗುವಿಗೆ ಹತ್ತಿರದ ಶಾಲೆಯೇ ಶಾಲೆ. ಅದು ಮುಚ್ಚಿದರೆ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. ಮಲೆನಾಡಿನಲ್ಲಿ ಎಣಿಸಬೇಕಾದದ್ದು ತಲೆಗಳನ್ನಲ್ಲ. ತರಗತಿಗಳನ್ನು, ವಿಷಯಗಳನ್ನು, ನಡುವಿನ ಹಳ್ಳಗಳನ್ನು.