ವಿದ್ಯುತ್ ಬಿಲ್ಲಿನ ಪೂರ್ವೋತ್ತರ

2020ರ ಜೂನ್ ತಿಂಗಳ ಕೊನೆಯ ವಾರ ವಿಲೆ ಪಾರ್ಲೆಯ ನಮ್ಮ ಮನೆಗೆ ಬಂದ ವಿದ್ಯುತ್ ಬಿಲ್ಲಿನಲ್ಲಿ 530 ಯೂನಿಟ್ ಎಂದಿತ್ತು. ಅದರ ಹಿಂದಿನ ಎರಡು ಬಿಲ್ಲುಗಳಲ್ಲಿ ತಲಾ 140 ಮಾತ್ರ. ಎರಡು ಕೋಣೆ, ಒಂದು ಅಡುಗೆಮನೆಯ ಸಂಸಾರ ನಮ್ಮದು. ಏ.ಸಿ. ಇಲ್ಲ, ಸ್ನಾನದ ನೀರು ಕಾಯುವುದು ಗ್ಯಾಸಿನ ಮೇಲೆ. ಇಷ್ಟೊಂದು ಕರೆಂಟನ್ನು ನಾವು ಸುಟ್ಟಿದ್ದಾದರೂ ಎಲ್ಲಿ?

ಆಗ ನಮ್ಮ ತಾಯಿಯವರು ನಮ್ಮಲ್ಲಿದ್ದರು. ಹದಿನೈದು ದಿನದ ಮಟ್ಟಿಗೆಂದು ಮಾರ್ಚ್ ಮೊದಲ ವಾರ ಕುಂದಾಪುರದಿಂದ ಬಂದವರು ಲಾಕ್‌ಡೌನಿನಿಂದಾಗಿ ಇಲ್ಲೇ ಉಳಿದುಬಿಟ್ಟಿದ್ದರು. ಬಿಲ್ಲಿನ ಮಾತು ಊಟದ ಹೊತ್ತಿಗೆ ಎರಡು ಸಲ ಬಂತು. ಆ ರಾತ್ರಿ ನೋಡಿದರೆ ಅವರ ಕೋಣೆಯ ಫ್ಯಾನ್ ನಿಂತಿದೆ. "ನಂಗೆ ಸೆಕೆ ಆಗುದಿಲ್ಲ ಮಗಾ, ಮಳೆ ಬಂತಲ್ಲ" ಎಂದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮುಂಬಯಿಯ ಮಳೆಗಾಲದ ಸೆಕೆ ಏನೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಅವರ ಲೆಕ್ಕ ಸರಳವಾಗಿತ್ತು: ತಾವು ಬಂದರು, ಬಿಲ್ಲು ಏರಿತು. ಈ ಲೆಕ್ಕ ತಪ್ಪೆಂದು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ, ತೋರಿಸಬೇಕಾಗಿತ್ತು.

ನಾವು ಬಿ.ಎಸ್ಸಿ. ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡು ಕೇಂದ್ರ ಸರ್ಕಾರದ ಕಚೇರಿಯೊಂದರ ಫೈಲುಗಳ ನಡುವೆ. ಹಿಂದಿನ ಕಾಗದಗಳನ್ನು ನೋಡದೆ ಟಿಪ್ಪಣಿ ಬರೆಯಬಾರದೆಂಬುದು ಗುಮಾಸ್ತರ ಧರ್ಮ. ಹೀಗೆ ಬಿಲ್ಲಿನ ಹಿಂದಿನ ಕಾಗದಗಳನ್ನು ಹುಡುಕುತ್ತ ಹೊರಟವರು 1882ನೆಯ ಇಸವಿಯವರೆಗೆ ಹೋಗಿಬಂದೆವು.

ಮುಂಬಯಿಯಲ್ಲಿ ಮೊದಲ ವಿದ್ಯುದ್ದೀಪಗಳು ಉರಿದದ್ದು ಆ ವರ್ಷ, ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ. ಈಸ್ಟರ್ನ್ ಎಲೆಕ್ಟ್ರಿಕ್ ಲೈಟ್ ಅಂಡ್ ಪವರ್ ಕಂಪನಿಯವರು ನಗರಸಭೆಯೊಡನೆ ಕರಾರು ಮಾಡಿಕೊಂಡು ದೀಪ ಹಚ್ಚಿದರು. ಮರುವರ್ಷವೇ ಕಂಪನಿ ದಿವಾಳಿಯಾಗಿ ಮಾರುಕಟ್ಟೆ ಮತ್ತೆ ಗ್ಯಾಸ್ ದೀಪಕ್ಕೆ ಮರಳಿತು. ಅದೇ 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ತನ್ನ ವಿದ್ಯುದಾಗಾರ ತೆರೆದ. ದೀಪ ಹಚ್ಚುವುದೇನೋ ಆಯಿತು. ಯಾರ ಮನೆಯಲ್ಲಿ ಎಷ್ಟು ಕರೆಂಟು ಹರಿಯಿತೆಂದು ಅಳೆಯುವುದು ಹೇಗೆ? ಎಡಿಸನ್ ಮಾಡಿದ ಮೀಟರ್ ಒಂದು ಗಾಜಿನ ಪಾತ್ರೆ. ಒಳಗೆ ಸತುವಿನ ಸಲ್ಫೇಟ್ ದ್ರಾವಣ, ಅದರಲ್ಲಿ ಸತುವಿನ ಎರಡು ತಗಡು. ಕರೆಂಟು ಹರಿದಷ್ಟೂ ಒಂದು ತಗಡಿನ ಸತು ಕರಗಿ ಇನ್ನೊಂದಕ್ಕೆ ಅಂಟುತ್ತದೆ. ಇದು ಪಿ.ಯು.ಸಿ.ಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಫ್ಯಾರಡೆಯ ನಿಯಮವೇ. ತಿಂಗಳಿಗೊಮ್ಮೆ ಕಂಪನಿಯ ಆಳು ಬಂದು ತಗಡುಗಳನ್ನು ಒಯ್ದು, ತೊಳೆದು, ಒಣಗಿಸಿ, ತಕ್ಕಡಿಗೆ ಹಾಕಿ ಬಿಲ್ಲು ಮಾಡುತ್ತಿದ್ದ. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟದಿರಲೆಂದು ಪೆಟ್ಟಿಗೆಯೊಳಗೆ ಒಂದು ದೀಪವನ್ನೂ ಇಟ್ಟಿದ್ದರಂತೆ. ಗ್ರಾಹಕನಿಗೆ ಮಾತ್ರ ಅದರಲ್ಲಿ ಓದಲು ಏನೂ ಇರಲಿಲ್ಲ. ಕಂಪನಿ ಹೇಳಿದ ತೂಕವೇ ತೂಕ.

ಈ ಸ್ಥಿತಿ ಬಹುಕಾಲ ಉಳಿಯಲಿಲ್ಲ. 1889ರ ಹೊತ್ತಿಗೆ ಅಮೆರಿಕದಲ್ಲಿ ಎಲಿಹು ಥಾಮ್ಸನ್, ಹಂಗೇರಿಯಲ್ಲಿ ಓಟೋ ಬ್ಲಾಥಿ ಎಂಬವರು ತಿರುಗುವ ಮೀಟರುಗಳನ್ನು ತಂದರು. ಬ್ಲಾಥಿಯ ಸಂತತಿಯೇ ನಮ್ಮ ಬಾಲ್ಯದ ಕಪ್ಪು ಪೆಟ್ಟಿಗೆಯ ಮೀಟರ್. ಗಾಜಿನ ಹಿಂದೆ ಅಲ್ಯುಮಿನಿಯಮ್ ತಟ್ಟೆ ತಿರುಗುತ್ತ, ಅದರ ಕೆಂಪು ಗುರುತು ಮತ್ತೆ ಮತ್ತೆ ಎದುರಿಗೆ ಬರುತ್ತಿದ್ದುದನ್ನು ಮರೆತವರುಂಟೇ? ಅದರ ದೊಡ್ಡ ಗುಣವೆಂದರೆ, ಕಂಪನಿಯವನು ಓದುವ ಅಂಕಿಯನ್ನೇ ಮನೆಯವನೂ ಓದಬಹುದಾಗಿತ್ತು. ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲವೆಂದು ಇಲ್ಲಿ ಹೇಳದಿದ್ದರೆ ಸಮಾಧಾನವಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1907ರಲ್ಲಿ. ಟಾಟಾ ಕಂಪನಿಯ ಖೋಪೋಲಿ ಜಲವಿದ್ಯುತ್ತು ಬಂದದ್ದು 1915ರಲ್ಲಿ.

ಉಪನಗರಗಳಿಗೆ ವಿದ್ಯುತ್ತು ಹಂಚಲು ಬಾಂಬೆ ಸಬರ್ಬನ್ ಎಲೆಕ್ಟ್ರಿಕ್ ಸಪ್ಲೈ, ಅಂದರೆ ಹಳಬರ ಬಾಯಲ್ಲಿ ಇಂದಿಗೂ ಉಳಿದಿರುವ ಬಿ.ಎಸ್.ಇ.ಎಸ್., ಹುಟ್ಟಿದ್ದು 1929ರಲ್ಲಿ. ನಮ್ಮ ಪಾರ್ಲೆಯ ಮಿಠಾಯಿ ಕಾರ್ಖಾನೆ ಆರಂಭವಾದದ್ದೂ ಅದೇ ವರ್ಷ. ಬಿಸ್ಕತ್ತು ಬಂದದ್ದು 1939ರಲ್ಲಿ. ಕಾರ್ಖಾನೆ 2016ರಲ್ಲಿ ಮುಚ್ಚಿತು. ರೈಲಿನಿಂದಿಳಿಯುವಾಗ ಮೂಗಿಗೆ ಬಡಿಯುತ್ತಿದ್ದ ಆ ಪರಿಮಳವೂ ಅದರೊಂದಿಗೆ ಹೋಯಿತು. ಬಿ.ಎಸ್.ಇ.ಎಸ್. ಮೊದಲಿಗೆ ಟಾಟಾದಿಂದ ಕರೆಂಟು ಕೊಂಡು ಹಂಚುತ್ತಿತ್ತು. ಡಹಾಣೂವಿನಲ್ಲಿ ಸ್ವಂತ ಸ್ಥಾವರ ಬಂದದ್ದು 1995ರ ಸುಮಾರಿಗೆ. ಮುಂದೆ ಸಂಸ್ಥೆ ರಿಲಯನ್ಸಿನ ಕೈಗೆ ಹೋಯಿತು; 2018ರ ಆಗಸ್ಟಿನಲ್ಲಿ ಅದಾನಿಯವರಿಗೆ. ಈ ಮಧ್ಯೆ 2008ರಲ್ಲಿ ಸುಪ್ರೀಮ್ ಕೋರ್ಟಿನ ತೀರ್ಪಿನಿಂದ ಟಾಟಾದವರೂ ಉಪನಗರದ ಮನೆಗಳಿಗೆ ನೇರವಾಗಿ ಕರೆಂಟು ಮಾರುವಂತಾಯಿತು. ಹೀಗಾಗಿ ಒಂದೇ ಸೊಸೈಟಿಯಲ್ಲಿ, ಒಂದೇ ತಂತಿಯಲ್ಲಿ ಕರೆಂಟು ಬಂದರೂ, ಬಿಲ್ಲು ಎರಡು ಕಂಪನಿಗಳದ್ದಿರಬಹುದು. "ಪಕ್ಕದ ಮನೆಯವರಿಗೆ ಇಷ್ಟೇ, ನಮಗೇಕೆ ಅಷ್ಟು?" ಎಂಬ ನಮ್ಮಾಕೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಬಿಲ್ಲಿನ ಜಗಳ ಹೊಸದೇನಲ್ಲ. 1910ರ ವಿದ್ಯುತ್ ಕಾಯ್ದೆ ಬರೆದವರಿಗೇ ಅದರ ಮುನ್ಸೂಚನೆಯಿತ್ತು. ಮೀಟರ್ ಸರಿಯೋ ತಪ್ಪೋ ಎಂಬ ವ್ಯಾಜ್ಯವನ್ನು ಸರ್ಕಾರದ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ತೀರ್ಮಾನಿಸಬೇಕು, ಹಿಂದಿನ ಆರು ತಿಂಗಳಿಗಿಂತ ಹೆಚ್ಚಿನ ಕಾಲಕ್ಕೆ ಲೆಕ್ಕ ತಿದ್ದಬಾರದು ಎಂದು ಅದರ 26ನೆಯ ಕಲಮು. ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ 1999ರಲ್ಲಿ ಬಂತು. ಅದರ 2005ರ ಸಂಹಿತೆ ಆರು ತಿಂಗಳನ್ನು ಮೂರಕ್ಕಿಳಿಸಿತು. 2003ರ ಹೊಸ ಕಾಯ್ದೆ ಗ್ರಾಹಕರ ದೂರುಗಳಿಗೆ ವೇದಿಕೆಯನ್ನೂ ಅದರ ಮೇಲೆ ಒಂಬುಡ್ಸ್‌ಮನ್‌ರನ್ನೂ ಕೊಟ್ಟಿತು. 2018ರ ಕೊನೆಯಲ್ಲಿ ಉಪನಗರದ ಬಿಲ್ಲುಗಳು ಏರಿವೆಯೆಂದು ಕೂಗೆದ್ದಾಗ ಆಯೋಗ ತಾನೇ ಮುಂದಾಗಿ ವಿಚಾರಣೆಗೆ ಸಮಿತಿ ನೇಮಿಸಿದ್ದು ಅನೇಕರಿಗೆ ನೆನಪಿರಬಹುದು.

ಇನ್ನು 2020ರದು. ಸೋಂಕಿನ ಭಯದಿಂದ ಮಾರ್ಚ್ ಕೊನೆಯ ವಾರದಿಂದ ರಾಜ್ಯದಲ್ಲಿ ಮೀಟರ್ ಓದುವ ಕೆಲಸ ನಿಂತಿತು. ಆಯೋಗದ ಅನುಮತಿಯ ಮೇರೆಗೆ ಹಿಂದಿನ ಮೂರು ತಿಂಗಳ ಸರಾಸರಿಯಂತೆ ಬಿಲ್ಲು ಮಾಡಿದರು. ಮಾರ್ಚಿಗೆ ಹಿಂದಿನ ಮೂರು ತಿಂಗಳೆಂದರೆ ಡಿಸೆಂಬರ್, ಜನವರಿ, ಫೆಬ್ರವರಿ. ಮುಂಬಯಿಯಲ್ಲಿ ಚಳಿಯೆಂದು ನಾವು ಕರೆದುಕೊಳ್ಳುವ ಆ ತಿಂಗಳುಗಳ ಸರಾಸರಿಯನ್ನು ಏಪ್ರಿಲ್, ಮೇ ತಿಂಗಳಿಗೆ ಹೊರಿಸಿದ್ದಾಯಿತು. ಜನರೆಲ್ಲ ಮನೆಯಲ್ಲೇ, ಫ್ಯಾನುಗಳೆಲ್ಲ ಹಗಲೂ ರಾತ್ರಿ. ಆದರೂ ಬಿಲ್ಲು ಕಡಿಮೆ ಬಂದಾಗ ನಮ್ಮಲ್ಲಿ ಯಾರೂ ದೂರು ಕೊಡಲಿಲ್ಲ! ಜೂನಿನಲ್ಲಿ ಮತ್ತೆ ಮೀಟರ್ ಓದಿದಾಗ ಮುಚ್ಚಿಟ್ಟಿದ್ದ ಬೇಸಿಗೆಯೆಲ್ಲ ಒಂದೇ ಕಾಗದದಲ್ಲಿ ಹೊರಬಿತ್ತು. ಚಿತ್ರತಾರೆಯರಿಂದ ಹಿಡಿದು ಚಾಳಿನವರವರೆಗೆ ಎಲ್ಲರೂ ಕೂಗಿದರು. ಜೂನ್ ಬಿಲ್ಲು ಮಾರ್ಚ್‌ನಿಂದ ಮೇವರೆಗಿನ ಸರಾಸರಿಯ ಎರಡು ಪಟ್ಟು ಮೀರಿದ್ದರೆ ಮೂರು ಕಂತಿನಲ್ಲಿ ಕಟ್ಟಬಹುದೆಂದು ಆಯೋಗ ಹೇಳಿತು. ಸರ್ಕಾರಿ ಸಂಬಳ ನಿಂತಿರದ ನಮಗೆ ಕಂತು ಬೇಕಾಗಲಿಲ್ಲ. ಬಾಗಿಲು ಮುಚ್ಚಿದ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮೂರ ಕಡೆಯವರಿಗೆ ಆ ಮೂರು ಕಂತೂ ಭಾರವೇ ಆಗಿತ್ತು.

ನಮ್ಮ ಲೆಕ್ಕ ಹೀಗೆ. ಡಿಸೆಂಬರಿನಲ್ಲಿ 150, ಜನವರಿ 132, ಫೆಬ್ರವರಿ 138, ಸರಾಸರಿ 140. ಕೊನೆಯ ನಿಜವಾದ ರೀಡಿಂಗ್ ಮಾರ್ಚ್ 12ರದು, ಮುಂದಿನದು ಜೂನ್ 13ರದು. ನಡುವೆ ಮೀಟರ್ ಓಡಿದ್ದು 810 ಯೂನಿಟ್. ಅದರಲ್ಲಿ 280 ಆಗಲೇ ಬಿಲ್ಲಾಗಿತ್ತು. ಉಳಿದ 530 ಜೂನಿನ ತಲೆಗೆ ಬಂತು. ಅಂದರೆ ತಿಂಗಳಿಗೆ ನಿಜವಾಗಿ 270.

ಇಲ್ಲಿ ಸ್ಲ್ಯಾಬಿನ ಸೂಕ್ಷ್ಮವೊಂದಿದೆ. ಮುಂಬಯಿಯಲ್ಲಿ ಮೊದಲ 100 ಯೂನಿಟ್ಟಿಗೆ ಒಂದು ದರ, 101ರಿಂದ 300ರವರೆಗೆ ಇನ್ನೊಂದು, 301ರಿಂದ 500ರವರೆಗೆ ಮತ್ತೊಂದು, ಅದರಾಚೆ ಇನ್ನೂ ಹೆಚ್ಚು. 530ನ್ನು ಒಂದೇ ತಿಂಗಳಿನದೆಂದು ಎಣಿಸಿದರೆ ಕೊನೆಯ 30 ಯೂನಿಟ್ ಅತಿ ದುಬಾರಿ ಸ್ಲ್ಯಾಬಿಗೆ ಬೀಳುತ್ತದೆ. ಮೂರು ತಿಂಗಳಿಗೆ ಹಂಚಿದರೆ 300ರ ಗೆರೆ ದಾಟುವುದೇ ಇಲ್ಲ. ಬಿಲ್ಲಿನ ವಿವರ ನೋಡಿದರೆ ಹಂಚಿಯೇ ಲೆಕ್ಕ ಹಾಕಿದ್ದರು. ನಾವೇ ಮೊದಲ ಪುಟ ಮಾತ್ರ ನೋಡಿ ಎದೆ ಬಡಿದುಕೊಂಡಿದ್ದೆವು. ಸ್ಲ್ಯಾಬಿನ ಗೆರೆಯೊಂದು ಏನೆಲ್ಲ ಮಾಡಬಲ್ಲದೆಂಬುದಕ್ಕೆ 2023ರ ಕರ್ನಾಟಕದ ಉದಾಹರಣೆ ಇನ್ನೂ ಚೆನ್ನಾಗಿದೆ. ಆ ಮೇ ತಿಂಗಳ ಆದೇಶದಂತೆ 100 ಯೂನಿಟ್‌ವರೆಗೆ ಯೂನಿಟ್ಟಿಗೆ 4 ರೂ. 75 ಪೈಸೆ, 100 ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂ. ಅಂದರೆ 100ಕ್ಕೆ 475 ರೂ., 101ಕ್ಕೆ 707 ರೂ.! ಹೊಸ ದರವನ್ನು ಏಪ್ರಿಲ್ 1ರಿಂದಲೇ ಹಿಡಿದು ಬಾಕಿಯನ್ನೂ ಸೇರಿಸಿದ್ದರಿಂದ, ಜೂನಿನ ಬಿಲ್ಲು ನೋಡಿದ ಬೆಂಗಳೂರಿನ ನಮ್ಮ ಅಕ್ಕನ ಮಗ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದ.

ಮತ್ತೆ ನಮ್ಮ 270ಕ್ಕೆ ಬರೋಣ. ಟ್ರಂಕಿನ ತಳದಲ್ಲಿದ್ದ 2019ರ ಮೇ ತಿಂಗಳ ಬಿಲ್ಲಿನಲ್ಲಿ 190 ಇತ್ತು. ಬೇಸಿಗೆಗೆ ಬೇಸಿಗೆ ತೂಗಿದರೂ 80 ಯೂನಿಟ್ ಹೆಚ್ಚು. ಇದು ಚಳಿಗಾಲದ ಸರಾಸರಿಯ ತಪ್ಪಲ್ಲ, ನಮ್ಮ ಮನೆಯದೇ.

ಒಂದು ಭಾನುವಾರ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಕೈಯಲ್ಲಿ ಟಾರ್ಚು, ಕಿವಿಗೆ ಮೊಬೈಲು ಹಿಡಿದು ಸೊಸೈಟಿಯ ಮೀಟರ್ ಕೋಣೆಗಿಳಿದೆವು. ಈಗಿನ ಮೀಟರಿನಲ್ಲಿ ತಿರುಗುವ ತಟ್ಟೆಯಿಲ್ಲ, ಮಿನುಗುವ ಕೆಂಪು ದೀಪವಿದೆ. ನಮ್ಮದರ ಮೇಲೆ ಯೂನಿಟ್ಟಿಗೆ 3200 ಮಿನುಗು ಎಂದು ಅಚ್ಚಾಗಿತ್ತು. ಮೇಲಿನಿಂದ ನಮ್ಮಾಕೆ ಎಲ್ಲ ಸ್ವಿಚ್ ಆರಿಸಿದರು, ಮಿನುಗು ನಿಂತಿತು. ಸೋರಿಕೆಯಿಲ್ಲ, ನಮ್ಮ ಮೀಟರಿನಿಂದ ಬೇರೆ ಯಾರೂ ಎಳೆದುಕೊಂಡಿಲ್ಲವೆಂದಾಯಿತು. ಆಮೇಲೆ ಫ್ರಿಜ್ ಒಂದನ್ನೇ ಹಾಕಿಸಿದೆವು. ನಿಮಿಷಕ್ಕೆ 9 ಮಿನುಗು. ಗಂಟೆಗೆ 540; 3200ರಿಂದ ಭಾಗಿಸಿದರೆ ಸುಮಾರು 169 ವ್ಯಾಟ್. ಅದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯೆಂದರೆ, ಮುಕ್ಕಾಲು ಗಂಟೆ ನಿಂತರೂ ಮಿನುಗು ನಿಲ್ಲಲೇ ಇಲ್ಲ. "ಏನ್ರೀ, ಅಲ್ಲೇ ನಿದ್ದೆ ಹೋದ್ರಾ?" ಎಂದು ಮೇಲಿನಿಂದ ವಿಚಾರಣೆ ಬಂತು. ಒಳ್ಳೆಯ ಫ್ರಿಜ್ ತಂಪಾದ ಮೇಲೆ ತಾನೇ ನಿಂತು ಸುಧಾರಿಸಿಕೊಳ್ಳಬೇಕು. ಹದಿನೈದು ವರ್ಷದ ನಮ್ಮದು ದಿನವಿಡೀ ಓಡುತ್ತಿತ್ತು: ದಿನಕ್ಕೆ 4 ಯೂನಿಟ್. ಬಾಗಿಲಿನ ಸಂದಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಎಳೆದರೆ ಸಲೀಸಾಗಿ ಬಂತು. ಬಾಗಿಲ ಸುತ್ತಿನ ರಬ್ಬರು ಸತ್ತುಹೋಗಿತ್ತು. ಅಡುಗೆಮನೆಯ ಸೆಕೆಯೆಲ್ಲ ಒಳನುಗ್ಗುತ್ತಿತ್ತು.

ತಾಯಿಯವರ ಫ್ಯಾನನ್ನೂ ಅಳೆದೆವು. 75 ವ್ಯಾಟ್, ಹತ್ತು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್. ಎಲ್ಲ ಸೇರಿ ಯೂನಿಟ್ಟಿಗೆ ಎಂಟು ರೂಪಾಯಿ ಎಂದಿಟ್ಟುಕೊಂಡರೂ ಒಂದು ರಾತ್ರಿಗೆ ಆರು ರೂಪಾಯಿ. ಪಾರ್ಲೆ ಸ್ಟೇಷನ್ನಿನ ಹೊರಗೆ ಅರ್ಧ ಲೋಟ ಚಹಾಕ್ಕೂ ಆಗದು.

ಈ ಅಂಕಿಗಳನ್ನೆಲ್ಲ ಮಗಳ ನೋಟುಬುಕ್ಕಿನ ಹಾಳೆಯಲ್ಲಿ ಬರೆದು ತಾಯಿಯವರ ಮುಂದಿಟ್ಟೆವು. ಅವರು ಕನ್ನಡಕ ಹಾಕಿಕೊಂಡು, ಹಾಲಿನ ಡೈರಿಯ ಲೆಕ್ಕ ನೋಡುವಂತೆ ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. ಫ್ರಿಜ್ಜಿನ ಸಾಲಿಗೆ ಬಂದಾಗ ನಿಂತರು. "ನಾ ಮೊದಲೇ ಹೇಳಿದ್ದೆ, ಅದರಲ್ಲಿಟ್ಟ ಮಜ್ಜಿಗೆ ಹುಳಿ ಬತ್ತಿತ್ತು ಅಂತ. ಯಾರ್ ಕೇಳ್ತ್ರಿ?" ಎಂದರು. ಹೌದು, ಏಪ್ರಿಲಿನಲ್ಲೇ ಹೇಳಿದ್ದರು.

ಆ ರಾತ್ರಿ ಅವರ ಫ್ಯಾನ್ ತಿರುಗಿತು. ಮೆಕ್ಯಾನಿಕ್ ಬಂದು ರಬ್ಬರು ಬದಲಾಯಿಸಿದ್ದು ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ಊರಿಗೆ ಹೊರಡುವವರೆಗೂ ತಾಯಿಯವರು ಪ್ರತಿ ಭಾನುವಾರ ನಮ್ಮನ್ನು ಮೀಟರ್ ಕೋಣೆಗೆ ಕಳಿಸಿ, ತಂದ ಅಂಕಿಯನ್ನು ಅದೇ ಹಾಳೆಯ ಹಿಂಬದಿಯಲ್ಲಿ ತಾವೇ ಬರೆದಿಡುತ್ತಿದ್ದರು.