ಮಾಕಳಿಯಿಂದ ನಾಲ್ಕು ದಿನದ ಸಂಚಾರ

ಪ್ರವಾಸವೆಂದೊಡನೆ ನಮ್ಮ ಮನಸ್ಸು ದೂರಕ್ಕೆ ಓಡುತ್ತದೆ. ಹಂಪೆ, ಬೇಲೂರು, ಅಜಂತ, ಕಾಶಿ ಇವುಗಳ ಹೆಸರು ನಾಲಗೆಯ ತುದಿಯಲ್ಲಿರುತ್ತದೆ. ಮನೆಯ ಮಾಳಿಗೆಯ ಮೇಲಿನಿಂದ ಕಾಣುವ ಬೆಟ್ಟದ ಹೆಸರು ಮಾತ್ರ ಅನೇಕರಿಗೆ ತಿಳಿದಿರುವುದಿಲ್ಲ. ಕೆರಿಬಿಯನ್ ಕಡಲಿನ ಹಳೆಯ ರೇವುಪಟ್ಟಣಗಳಿಗೆ ಹೋಗುವ ಯಾತ್ರಿಕರ ವಾಡಿಕೆ ಬೇರೆಯದು. ಅವರು ಒಂದೇ ಊರಿನಲ್ಲಿ ಬಿಡಾರ ಮಾಡಿ, ಒಂದು ದಿನ ಸಮುದ್ರದಂಚಿನ ಕೋಟೆಯನ್ನು, ಮತ್ತೊಂದು ದಿನ ಗುಲಾಮರು ದುಡಿದ ಕಬ್ಬಿನ ತೋಟವನ್ನು ನೋಡಿಕೊಂಡು ಸಂಜೆಗೆ ಬಿಡಾರಕ್ಕೆ ಹಿಂತಿರುಗುತ್ತಾರೆ. ಪಟ್ಟಣದ ಚರಿತ್ರೆ ಪಟ್ಟಣದ ಬೀದಿಗಳಲ್ಲೇ ಮುಗಿಯುವುದಿಲ್ಲ, ಅದನ್ನು ಸಾಕಿದ ಸುತ್ತಣ ನಾಡಿನಲ್ಲಿ ಹರಡಿಕೊಂಡಿರುತ್ತದೆ ಎಂಬ ಅರಿವು ಈ ಪದ್ಧತಿಯಲ್ಲಿದೆ. ಬೆಂಗಳೂರಿಗೂ ಈ ಮಾತು ಸಲ್ಲುತ್ತದೆ. ಅದರ ಚರಿತ್ರೆಯ ಒಂದು ದೊಡ್ಡ ಭಾಗ ಊರಿನ ಹೊರಗೆ, ಪಶ್ಚಿಮದ ಬೆಟ್ಟಗಳ ಮೇಲೂ ಅವುಗಳಿಂದ ಇಳಿಯುವ ಹೊಳೆಗಳ ದಡದಲ್ಲೂ ಬಿದ್ದಿದೆ. ಅದನ್ನು ಹುಡುಕಿಕೊಂಡು ಹೋಗುವವರಿಗೆ ಅನುಕೂಲವಾದ ನೆಲೆ ಮಾಕಳಿ.

ಮಾಕಳಿ ತುಮಕೂರು ರಸ್ತೆಯ ಮೇಲೆ, ನೆಲಮಂಗಲಕ್ಕೆ ಮುಂಚೆ ಸಿಕ್ಕುವ ಊರು. ಹೆಸರಿನ ಸಾಮ್ಯದಿಂದ ಇದನ್ನು ಮಾಕಳಿದುರ್ಗವೆಂದು ಭ್ರಮಿಸಬಾರದು. ಆ ದುರ್ಗ ದೊಡ್ಡಬಳ್ಳಾಪುರದ ಆಚೆ ಗೌರಿಬಿದನೂರಿನ ರೈಲುದಾರಿಯ ಪಕ್ಕದಲ್ಲಿದೆ. ನಮ್ಮ ಮಾಕಳಿಗೆ ಕೋಟೆಯ ಬಿರುದಿಲ್ಲ. ಅದರ ಹೆಗ್ಗಳಿಕೆಯೆಲ್ಲ ದಾರಿಯದು. ಬೆಂಗಳೂರಿನಿಂದ ವಾಯವ್ಯಕ್ಕೆ ತುಮಕೂರು, ಸಿರಾ, ಚಿತ್ರದುರ್ಗಗಳ ಕಡೆಗೆ ಹೋಗುವ ಹಾದಿ ಇದು. ಸೈನ್ಯಗಳು ಬಂದುದೂ ಇದೇ ಹಾದಿಯಲ್ಲಿ, ಸರಕು ಬಂದುದೂ ಇದೇ ಹಾದಿಯಲ್ಲಿ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡತೊಡಗಿದಾಗ ಅದೂ ಈ ದಿಕ್ಕನ್ನೇ ಹಿಡಿಯಿತು. 2024ರ ನವೆಂಬರಿನಲ್ಲಿ ನಗರದ ಮೆಟ್ರೋ ರೈಲು ಮಾದಾವರದವರೆಗೆ ಬಂದಿತು. ಅಲ್ಲಿಂದ ಮಾಕಳಿ ಅನತಿದೂರದಲ್ಲಿದೆ. ಇಲ್ಲಿಂದ ಹೊರಟು ಸಂಜೆಗೆ ಹಿಂತಿರುಗಬಹುದಾದ ನಾಲ್ಕು ಸಂಚಾರಗಳನ್ನು ಈಗ ವಿವರಿಸುತ್ತೇನೆ.

ಮೊದಲನೆಯ ದಿನ ನಿಜಗಲ್ಲಿಗೆ. ನೆಲಮಂಗಲವನ್ನು ಹಾದು ನೇರವಾಗಿ ವಾಯವ್ಯಕ್ಕೆ ಹೋದರೆ ದಾಬಸ್‌ಪೇಟೆ ಸಿಕ್ಕುತ್ತದೆ. ಈ ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಅಧಿಕಾರಿಯಾಗಿದ್ದ ಡಾಬ್ಸ್ ಎಂಬಾತನ ಹೆಸರು ಜನರ ಬಾಯಲ್ಲಿ ಹೀಗೆ ತಿದ್ದಿಕೊಂಡಿತು. ಪೇಟೆಯನ್ನು ದಾಟಿದ ಮೇಲೆ ಹೆದ್ದಾರಿಯ ಮಗ್ಗುಲಲ್ಲೇ ನಿಜಗಲ್ಲಿನ ಬೆಟ್ಟವೂ ಅದರ ಮೇಲೆ ಅಳಿದುಳಿದ ಕೋಟೆಯ ಗೋಡೆಗಳೂ ಕಾಣುತ್ತವೆ. ಪ್ರತಿದಿನ ಸಾವಿರಾರು ವಾಹನಗಳು ಇದರ ಬುಡದಲ್ಲಿ ಹಾದುಹೋಗುತ್ತವೆ, ನಿಲ್ಲುವುವು ಕೆಲವೇ.

1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಹೈದರನ ನಾಡಿನೊಳಕ್ಕೆ ನುಗ್ಗಿದಾಗ ಈ ಪುಟ್ಟ ಕೋಟೆ ಅದನ್ನು ಬಹುಕಾಲ ತಡೆದು ನಿಲ್ಲಿಸಿತು. ಕೊನೆಗೆ ಏಣಿ ಹತ್ತಿ ಕೋಟೆಯನ್ನು ಹಿಡಿದವರಲ್ಲಿ ಮರಾಠರ ಪಕ್ಷ ವಹಿಸಿದ್ದ ಚಿತ್ರದುರ್ಗದ ಪಾಳೆಯಗಾರರ ಬಂಟರು ಮುಂದಾಗಿದ್ದರು. ಬಹಳ ದಿನ ಕಾಯಿಸಿದುದಕ್ಕಾಗಿ ರೋಷಗೊಂಡ ಪೇಶ್ವೆ, ಸೆರೆಸಿಕ್ಕವರ ಕಿವಿಮೂಗುಗಳನ್ನು ಕೊಯ್ಯಿಸಿದನೆಂದು ಕರ್ನಲ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ಕೋಟೆಯ ಅಧಿಪತಿ ಸರ್ದಾರ್ ಖಾನನನ್ನು ಎದುರಿಗೆ ತಂದು, ನಿನಗೂ ಇದೇ ಶಿಕ್ಷೆ ತಕ್ಕುದಲ್ಲವೆ ಎಂದು ಕೇಳಿದಾಗ, ಅಂಗಭಂಗವಾದರೆ ಅದು ತನ್ನದು, ಅಪಕೀರ್ತಿ ಮಾತ್ರ ಪೇಶ್ವೆಯದಾಗುವುದೆಂದು ಅವನು ಉತ್ತರಕೊಟ್ಟನಂತೆ. ಆ ಮಾತಿನ ಸತ್ಯ ನಾಟಿ ಪೇಶ್ವೆ ಅವನಿಗೆ ಹಿಂಸೆಮಾಡದೆ ಬಿಟ್ಟನು. ಇತ್ತ ಒಂಬತ್ತು ವರ್ಷ ಕಳೆಯುವುದರೊಳಗೆ, 1779ರಲ್ಲಿ, ಚಿತ್ರದುರ್ಗವೇ ಹೈದರನ ಕೈವಶವಾಯಿತು. ವಿಲ್ಕ್ಸ್ ಇದನ್ನು ಬರೆದುದು ಘಟನೆಗೆ ಸುಮಾರು ನಲವತ್ತು ವರ್ಷಗಳ ಮೇಲೆ. ಅವನು ಇಂಗ್ಲಿಷರ ಅಧಿಕಾರಿ. ಆದುದರಿಂದ ಕಥೆಯ ಬಣ್ಣದಲ್ಲಿ ಸ್ವಲ್ಪ ಕಳೆದು ನೋಡಬೇಕಾದೀತು. ಆದರೆ ಬೆಟ್ಟದ ಮೇಲೆ ನಿಂತು ಕೆಳಗಿನ ದಾರಿಯನ್ನು ನೋಡಿದವನಿಗೆ, ಅಷ್ಟು ದೊಡ್ಡ ಸೈನ್ಯ ಇದನ್ನು ಬದಿಗಿಟ್ಟು ಮುಂದೆ ಹೋಗಲಾರದೆ ಹೋದುದೇಕೆಂಬುದು ಪುಸ್ತಕವಿಲ್ಲದೆಯೇ ಮನವರಿಕೆಯಾಗುತ್ತದೆ.

ಎರಡನೆಯ ದಿನ ಶಿವಗಂಗೆಗೆ ಮೀಸಲಾಗಿರಲಿ. ಅದನ್ನು ನಿಜಗಲ್ಲಿನೊಡನೆ ಸೇರಿಸಿ ಅವಸರಪಡುವುದು ಉಚಿತವಲ್ಲ. ದಾಬಸ್‌ಪೇಟೆಯಿಂದ ದಕ್ಷಿಣಕ್ಕೆ ತಿರುಗಿದರೆ ಬೆಟ್ಟ ಎದುರಿಗೇ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 4,500 ಅಡಿ. ಒಂದೊಂದು ದಿಕ್ಕಿನಿಂದ ಒಂದೊಂದು ಆಕಾರ ತೋರುತ್ತದೆಂದು ಹೇಳುವುದುಂಟು: ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ. ಗಂಗಾಧರೇಶ್ವರನ ಮತ್ತು ಹೊನ್ನಾದೇವಿಯ ಗುಡಿಗಳು ಬಂಡೆಯ ಆಶ್ರಯದಲ್ಲಿವೆ. ಇನ್ನೂ ಮೇಲೆ ಹೋದರೆ ಒಳಕಲ್ಲು ತೀರ್ಥ. ಒರಳಿನಂಥ ಕುಳಿಯೊಳಕ್ಕೆ ಕೈಯಿಳಿಬಿಟ್ಟು, ನೀರು ತಾಕಿದರೆ ಪುಣ್ಯವೆಂದು ಯಾತ್ರಿಕರು ಹಿಗ್ಗುತ್ತಾರೆ. ಬೆಳಗಿನ ತಂಪಿನಲ್ಲೇ ಹತ್ತಲು ತೊಡಗುವುದು ಲೇಸು. ಕೈಯಲ್ಲಿ ತಿಂಡಿಯ ಗಂಟಿದ್ದರೆ ಕೋತಿಗಳು ಜೊತೆಗೆ ಬರುವುವೆಂದು ಬೇರೆ ಹೇಳಬೇಕಾಗಿಲ್ಲ.

ತುದಿಯ ಹತ್ತಿರ ಒಂದು ಕಡಿದಾದ ಅಂಚನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದ ಹಾರಿ ಪ್ರಾಣಬಿಟ್ಟಳೆಂದು ಜನ ಹೇಳುತ್ತಾರೆ. ಮಕ್ಕಳಿಲ್ಲದ ಸಂಕಟದಿಂದಲೆಂದು ಕಾರಣವನ್ನೂ ಕೊಡುತ್ತಾರೆ. ಶ್ರವಣಬೆಳಗೊಳದ ಶಾಸನ ಏನು ಹೇಳುತ್ತದೆ? ಶಕವರ್ಷ 1053ರಲ್ಲಿ, ಎಂದರೆ ಕ್ರಿ.ಶ. 1131ರಲ್ಲಿ, ಶಾಂತಲದೇವಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದೂ, ಮಗಳ ಅಗಲಿಕೆಯನ್ನು ಸೈರಿಸಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸದ ವ್ರತ ಹಿಡಿದು ದೇಹ ಬಿಟ್ಟಳೆಂದೂ ಅದು ತಿಳಿಸುತ್ತದೆ. ಬೆಟ್ಟದಿಂದ ಹಾರಿದ ಮಾತು ಅದರಲ್ಲಿಲ್ಲ.

ಇದನ್ನು ಕೇಳಿದ ಕೆಲವರಿಗೆ ನಿರಾಶೆಯಾಗುವುದುಂಟು. ನಿರಾಶೆಗೆ ಕಾರಣವಿಲ್ಲ. ಐತಿಹ್ಯ ಒಂದು ಅಂಶದಲ್ಲಿ ನಿಜವನ್ನೇ ಉಳಿಸಿಕೊಂಡಿದೆ. ರಾಣಿ ಮಡಿದ ಸ್ಥಳ ಇದೇ ಎಂಬ ನೆನಪನ್ನು ಜನ ಎಂಟುನೂರು ವರ್ಷಗಳಿಗೂ ಮೀರಿ ಬಾಯಿಂದ ಬಾಯಿಗೆ ದಾಟಿಸಿದ್ದಾರೆ. ಹೇಗೆ ಮಡಿದಳೆಂಬುದನ್ನು ಮಾತ್ರ ತಮ್ಮ ಕನಿಕರಕ್ಕೆ ಒಪ್ಪುವಂತೆ ಕಟ್ಟಿಕೊಂಡರು. ಶಾಸನ ಆ ಕನಿಕರವನ್ನು ಕಸಿದುಕೊಳ್ಳುವುದಿಲ್ಲ. ಅದು ಕಾಣಿಸುವ ತಾಯಿಯ ದುಃಖ ಐತಿಹ್ಯದ ದುಃಖಕ್ಕಿಂತ ಕಡಮೆಯದಲ್ಲ. ತಾಯಿ ಜಿನಭಕ್ತೆ, ತಂದೆ ಮಾರಸಿಂಗಯ್ಯ ಶಿವಭಕ್ತ. ಜೈನಳಾದ ಮಗಳು ಶೈವಕ್ಷೇತ್ರದಲ್ಲಿ ಕಣ್ಣುಮುಚ್ಚಿದಳು. ಆ ಕಾಲದ ಒಂದು ಮನೆಯೊಳಗೆ ಎರಡು ಮತಗಳು ಹೇಗೆ ಒಟ್ಟಿಗೆ ಬಾಳಿದುವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕೆ? ಐತಿಹ್ಯವನ್ನು ಕೇಳದೆ ಶಾಸನವನ್ನಷ್ಟೇ ಓದುವವನೂ ಅರ್ಧ ಯಾತ್ರಿಕ. ಶಾಸನವನ್ನು ಕೇಳದೆ ಐತಿಹ್ಯವನ್ನಷ್ಟೇ ನಂಬುವವನೂ ಅರ್ಧ ಯಾತ್ರಿಕ.

ಶಿವಗಂಗೆಯನ್ನು ಇಳಿಯುವ ಮುನ್ನ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಕುಮುದ್ವತಿ ಹೊಳೆ ಹುಟ್ಟುವುದು ಈ ಬೆಟ್ಟದಲ್ಲಿ. ಅದರ ಕಥೆ ನಾಲ್ಕನೆಯ ದಿನಕ್ಕೆ ಬೇಕಾಗುತ್ತದೆ.

ಮೂರನೆಯ ದಿನ ಮಾಕಳಿಯಿಂದ ನೈಋತ್ಯಕ್ಕೆ, ಮಾಗಡಿ ಮತ್ತು ಸಾವನದುರ್ಗಗಳಿಗೆ. 1537ರಲ್ಲಿ ಯಲಹಂಕ ನಾಡಿನ ಪ್ರಭು ಕೆಂಪೇಗೌಡ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿದುದು ಎಲ್ಲರಿಗೂ ತಿಳಿದ ವಿಷಯ. ಅವನ ವಂಶ ಆ ಊರನ್ನು ಆಳಿದುದು ಒಂದು ನೂರು ವರ್ಷ ಮಾತ್ರವೆಂಬುದು ಅಷ್ಟಾಗಿ ತಿಳಿದಿಲ್ಲ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದನು. ಊರು ಶಹಾಜಿಯ ಜಹಗೀರಾಯಿತು. ಕೆಂಪೇಗೌಡರ ಮನೆತನ ಮಾಗಡಿಗೆ ಸರಿದು, ಸಾವನದುರ್ಗವನ್ನು ಬೆನ್ನಿಗಿಟ್ಟುಕೊಂಡು, ಇನ್ನೂ ತೊಂಬತ್ತು ವರ್ಷ ಬಾಳಿತು. 1728ರಲ್ಲಿ ಮೈಸೂರಿನ ದಳವಾಯಿ ಮಾಗಡಿಯನ್ನೂ ದುರ್ಗವನ್ನೂ ಹಿಡಿದು ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಬೆಂಗಳೂರನ್ನು ಕಟ್ಟಿದವರ ಕಡೆಯ ಅಧ್ಯಾಯವನ್ನು ಓದಬೇಕಾದರೆ ಮಾಗಡಿಯ ಸೋಮೇಶ್ವರನ ಗುಡಿಯ ಅಂಗಳಕ್ಕೆ ಬರಬೇಕು.

ಸಾವನದುರ್ಗ ಸುಮಾರು 4,000 ಅಡಿ ಎತ್ತರದ ಬೋಳುಬಂಡೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರಗಳು. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸನಿಗೆ, ಶ್ರೀರಂಗಪಟ್ಟಣಕ್ಕೆ ದಂಡು ಹೋಗುವಾಗ ಈ ದುರ್ಗ ಟಿಪ್ಪುವಿನ ಕೈಯಲ್ಲುಳಿದರೆ ದವಸಧಾನ್ಯದ ಬಂಡಿಗಳಿಗೆ ಕ್ಷೇಮವಿಲ್ಲವೆಂಬುದು ತಿಳಿದಿತ್ತು. ಡಿಸೆಂಬರ್ 10ರಂದು ಸೈನ್ಯ ಇಲ್ಲಿಗೆ ಬಂದು, ಬಿದಿರುಮೆಳೆಗಳ ನಡುವೆ ಫಿರಂಗಿಗಳನ್ನು ಎಳೆದು ತಂದು, 21ರಂದು ಹಾಡುಹಗಲಿನಲ್ಲಿ ಲಗ್ಗೆಹತ್ತಿತು. ಯಾರಿಂದಲೂ ಸಾಧ್ಯವಿಲ್ಲವೆಂದು ಹೆಸರಾಗಿದ್ದ ದುರ್ಗ ಕೆಲವು ಗಳಿಗೆಗಳಲ್ಲಿ ಬಿದ್ದಿತು. ಪುಟ್ಟ ನಿಜಗಲ್ಲು ಬಹುಕಾಲ ನಿಂತಿತು, ಹೆಬ್ಬಂಡೆಯ ಸಾವನದುರ್ಗ ಹನ್ನೆರಡು ದಿನವೂ ತಾಳಲಿಲ್ಲ. ಬಂಡೆಯ ಎತ್ತರ ಕೋಟೆಯನ್ನು ಕಾಯುವುದಿಲ್ಲ, ಒಳಗಿನವರ ಎದೆಗಾರಿಕೆ ಕಾಯುತ್ತದೆ ಎಂದು ಒಂದು ಪಾಠ. ಸುಮಾರು ಇಪ್ಪತ್ತು ವರ್ಷಗಳಲ್ಲಿ ಫಿರಂಗಿಯ ವಿದ್ಯೆ ಯುದ್ಧದ ರೀತಿಯನ್ನೇ ಬದಲಾಯಿಸಿತೆಂದು ಇನ್ನೊಂದು. ಎರಡರಲ್ಲೂ ಹುರುಳಿದೆ.

ನಾಲ್ಕನೆಯ ದಿನದ ಸಂಚಾರ ಕಿರಿದು. ಮಾಕಳಿಗೆ ಈಶಾನ್ಯದಲ್ಲಿ ಸೋಲದೇವನಹಳ್ಳಿ, ಅದರ ಉತ್ತರಕ್ಕೆ ಹೆಸರಘಟ್ಟದ ಕೆರೆ. ಇಲ್ಲಿ ಕೋಟೆಯಿಲ್ಲ, ಶಿಲ್ಪವಿಲ್ಲ. ಆದರೂ ಬೆಂಗಳೂರಿನ ಚರಿತ್ರೆಯಲ್ಲಿ ಈ ಸ್ಥಳಕ್ಕೆ ಯಾವ ದುರ್ಗಕ್ಕೂ ಕಡಮೆಯಿಲ್ಲದ ಮಹತ್ತ್ವವಿದೆ. ಅದುವರೆಗೆ ಊರೊಳಗಿನ ಕೆರೆಬಾವಿಗಳನ್ನೇ ನಂಬಿದ್ದ ಪಟ್ಟಣಕ್ಕೆ 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಅರ್ಕಾವತಿಯ ನೀರು ಹೆಸರಘಟ್ಟದಿಂದ ಹೊರಟಿತು. ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಆವಿಯಂತ್ರಗಳ ಬಲದಿಂದ ಮೇಲೇರಿತು. ಚಾಮರಾಜೇಂದ್ರ ಒಡೆಯರ ಹೆಸರನ್ನು ಈ ಕಾರ್ಯಕ್ಕೆ ಇಟ್ಟರು. ಊರು ಬೆಳೆದು ಅದೂ ಸಾಲದಾದಾಗ, 1933ರಲ್ಲಿ, ನಂದಿಯಿಂದ ಬರುವ ಅರ್ಕಾವತಿಯೂ ಶಿವಗಂಗೆಯಿಂದ ಬರುವ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಸಿದ್ಧವಾಯಿತು. ಅದು ವಿಶ್ವೇಶ್ವರಯ್ಯನವರ ಯೋಜನೆ. ಮಾಗಡಿಯಿಂದ ಹಿಂತಿರುಗುವ ಯಾತ್ರಿಕರು ಅದನ್ನು ಮೂರನೆಯ ದಿನವೇ ನೋಡಬಹುದು. ಹೀಗೆ ಎರಡು ಬೆಟ್ಟಗಳ ಮಳೆನೀರು ನಲವತ್ತು ವರ್ಷ ಬೆಂಗಳೂರನ್ನು ಸಾಕಿತು. ರಾಣಿ ಮಡಿದ ಬೆಟ್ಟದಿಂದ ಇಳಿದ ನೀರನ್ನು ಮಲ್ಲೇಶ್ವರದ ಮನೆಗಳಲ್ಲಿ ಜನ ಕುಡಿದರು.

1974ರಲ್ಲಿ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಬರತೊಡಗಿತು. ಅಂದಿನಿಂದ ನಗರದ ದೃಷ್ಟಿ ದಕ್ಷಿಣಕ್ಕೆ ಹೊರಳಿತು. ಪಶ್ಚಿಮದ ಹೊಳೆಗಳು ಮರೆತುಹೋದುವು. ಹೊಳೆಗಳಿಗೆ ನೀರುಣಿಸುತ್ತಿದ್ದ ಕಾಲುವೆಗಳ ಮೇಲೆ ಬಡಾವಣೆಗಳು ಬಂದುವು, ಬೆಟ್ಟದ ತಪ್ಪಲುಗಳಲ್ಲಿ ಕಲ್ಲುಗಣಿಗಳು ಬಾಯ್ದೆರೆದುವು, ಚರಂಡಿಯ ಮತ್ತು ಕಾರ್ಖಾನೆಗಳ ಕೊಳಕು ನೀರು ಹೊಳೆಗೆ ಸೇರಿತು. ಹೆಸರಘಟ್ಟದ ಕೆರೆ ವರ್ಷಗಟ್ಟಲೆ ಒಣಗಿ ಬಿದ್ದಿತು. ತಿಪ್ಪಗೊಂಡನಹಳ್ಳಿಯ ನೀರನ್ನು ಕುಡಿಯಲು ಬಳಸುವುದು ಈ ಶತಮಾನದ ಎರಡನೆಯ ದಶಕದಲ್ಲಿ ನಿಂತುಹೋಯಿತು. ರಣದುಲ್ಲಾ ಖಾನನಾಗಲಿ ಮಾಧವರಾಯನಾಗಲಿ ಕಾರ್ನ್‌ವಾಲಿಸನಾಗಲಿ ಮಾಡದ ಒಂದು ಕೆಲಸವನ್ನು ನಾವು ಶತ್ರುಗಳ ನೆರವಿಲ್ಲದೆಯೇ ಮಾಡಿಕೊಂಡಿದ್ದೇವೆ. ಅವರು ಬೆಟ್ಟಗಳನ್ನು ಹಿಡಿದರು, ಹೊಳೆಗಳನ್ನು ಬತ್ತಿಸಲಿಲ್ಲ.

ಬತ್ತಿದ ಹೊಳೆ ಮತ್ತೆ ಹರಿಯಲಾರದೆಂದು ಹೇಳಲಾಗದು. ಕುಮುದ್ವತಿಯ ದಡದ ಹಳ್ಳಿಗಳಲ್ಲಿ ಇಂಗುಗುಂಡಿಗಳನ್ನು ತೋಡಿ, ಕಟ್ಟೆ ಕಾಲುವೆಗಳ ಹೂಳೆತ್ತುವ ಪ್ರಯತ್ನಗಳು ನಡೆದಿವೆ. ಅವು ಫಲಿಸಬೇಕಾದರೆ ನಗರದವರಿಗೆ ಈ ಬೆಟ್ಟಗಳು ತಮ್ಮವೆಂಬ ಭಾವನೆ ಹುಟ್ಟಬೇಕು. ಆ ಭಾವನೆ ಭಾಷಣದಿಂದ ಹುಟ್ಟುವುದಲ್ಲ, ನಡೆದು ನೋಡುವುದರಿಂದ ಹುಟ್ಟುವುದು. ಕಾಶಿಗೆ ಹೋಗುವವರು ಹೋಗಲಿ. ಅದಕ್ಕೆ ಮುಂಚೆ ನಾಲ್ಕು ಭಾನುವಾರಗಳನ್ನು ಈ ದಾರಿಗೆ ಕೊಡಲಿ. ಬುತ್ತಿ ಕಟ್ಟಿಕೊಳ್ಳಿ, ಮಕ್ಕಳನ್ನು ಕರೆದುಕೊಳ್ಳಿ, ಬೆಟ್ಟದ ಮೇಲಿನ ಐತಿಹ್ಯವನ್ನು ಊರಿನ ಹಿರಿಯರ ಬಾಯಿಂದ ಕೇಳಿ, ಶಾಸನದ ಮಾತನ್ನು ನೀವು ಅವರಿಗೆ ಹೇಳಿ. ಒಳಕಲ್ಲಿನ ಕುಳಿಗೆ ಮಗು ಕೈಯಿಳಿಬಿಟ್ಟಾಗ ಬೆರಳಿಗೆ ನೀರು ತಾಕುವಂತೆ ನೋಡಿಕೊಳ್ಳುವ ಹೊಣೆ ಪುಣ್ಯದ ಮೇಲೆ ಮಾತ್ರ ಬಿಡತಕ್ಕುದಲ್ಲ; ಅದರಲ್ಲಿ ನಮ್ಮ ಪಾಲೂ ಇದೆ.